ಇನಿಷಿಯಲ್ ಕಳೆದುಕೊಂಡ ತಂಡ

ಫ್ರೀಮಾಂಟ್‌ನಲ್ಲಿ ಬಾರ್ಟ್ ರೈಲು ಹತ್ತಿದರೆ ಓಕ್ಲೆಂಡಿನ ಕೊಲಿಸಿಯಂ ನಿಲ್ದಾಣಕ್ಕೆ ಅರ್ಧ ಗಂಟೆ. ನಿಲ್ದಾಣದಿಂದ ಕ್ರೀಡಾಂಗಣಕ್ಕೆ ಒಂದು ಕಾಲುಸೇತುವೆ ಇದೆ. ಎರಡೂ ಕಡೆ ಆಳೆತ್ತರ ಮೀರಿದ ತಂತಿಜಾಲರಿ. ಕೆಳಗೆ ರೈಲು ಹಳಿ, ಕಪ್ಪು ನೀರಿನ ಒಂದು ಕಾಲುವೆ, ಗೋದಾಮುಗಳ ಹಿತ್ತಲು. ಚಂದದ ಜಾಗವೇನಲ್ಲ. ಜೈಲಿಗೆ ಕರೆದೊಯ್ಯುವ ದಾರಿಯಂತಿದೆ ಎಂದೆ. ಭಾವನಿಗೆ ಬೇಸರವಾಯಿತು.

"ಮೂವತ್ತೇಳು ವರ್ಷ ಇದೇ ಸೇತುವೆ ಮೇಲೆ ನಡೆದಿದ್ದೀನಿ ಮಾರಾಯ. ನೀನು ಆ ಕಡೆ ತುದಿಗೆ ಹೋಗಿ ನಿಂತು ಹೇಳು."

2025ರ ಜೂನ್ 14, ಶನಿವಾರ. ನಾವು ಹೊರಟಿದ್ದು ಕ್ರಿಕೆಟ್ ನೋಡಲಿಕ್ಕೆ. ಮೇಜರ್ ಲೀಗ್ ಕ್ರಿಕೆಟ್ಟಿನ ಆ ವರ್ಷದ ಮೊದಲ ಕೆಲವು ಆಟಗಳನ್ನು ಈ ಹಳೆಯ ಬೇಸ್‌ಬಾಲ್ ಅಂಗಳದಲ್ಲಿ ಇಟ್ಟಿದ್ದರು. ಮೊನ್ನೆ ಗುರುವಾರವಷ್ಟೇ ಸ್ಯಾನ್ ಫ್ರಾನ್ಸಿಸ್ಕೊ ಯೂನಿಕಾರ್ನ್ಸ್ ತಂಡದ ಫಿನ್ ಅಲೆನ್ 51 ಎಸೆತದಲ್ಲಿ 151 ಹೊಡೆದು, 19 ಸಿಕ್ಸರ್ ಎತ್ತಿದ್ದ. ಸೇತುವೆಯ ತುಂಬ ನಮ್ಮವರೇ: ತೆಲುಗು, ತಮಿಳು, ಗುಜರಾತಿ, ನಡುನಡುವೆ "ಲೇ, ಟಿಕೆಟ್ ನಿನ್ ಫೋನಲ್ಲಿದ್ಯಾ?" ಎಂಬ ಕನ್ನಡ. ಆರ್‌ಸಿಬಿಯ ಕೆಂಪು ಅಂಗಿಯೂ ಅಲ್ಲಲ್ಲಿ ಕಂಡಿತು. ನನ್ನ ಪೆಟ್ಟಿಗೆಯಲ್ಲೂ ಒಂದಿತ್ತು, ಹಾಕಿಕೊಳ್ಳಲು ಮನಸ್ಸಾಗಲಿಲ್ಲ. ಹದಿನೆಂಟನೆಯ ಸಲಕ್ಕೆ ಕಪ್ಪು ಬಂದ ಮರುದಿನ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತಿದ್ದರು. ಹತ್ತೇ ದಿನವಾಗಿತ್ತು.

ಭಾವನ ತಲೆಯ ಮೇಲೆ ಮಾತ್ರ ಕ್ರಿಕೆಟ್ಟಿಗೆ ಸಂಬಂಧವೇ ಇಲ್ಲದ ಒಂದು ಹಸಿರು ಟೋಪಿ. ಬೆವರಿಗೆ ಬಿಳಿಚಿದ ಅಂಚು, ಮುಂದೆ ಹಳದಿ ದಾರದಲ್ಲಿ ಹೊಲಿದ 'ಎ'ಸ್'. ಓಕ್ಲೆಂಡ್ ಅಥ್ಲೆಟಿಕ್ಸ್. 1968ರಿಂದ 2024ರವರೆಗೆ ಈ ಅಂಗಳದಲ್ಲಿ ಆಡಿ, ನಾಲ್ಕು ಸಲ ಬೇಸ್‌ಬಾಲಿನ ವರ್ಲ್ಡ್ ಸೀರೀಸ್ ಗೆದ್ದು, ಈಗ ಇಲ್ಲಿಲ್ಲದ ತಂಡ.

ಸೇತುವೆ ಮುಗಿಯುವಲ್ಲಿ ಕಬ್ಬಿಣದ ಕಾವಲಿಯ ಮೇಲೆ ಹಾಟ್‌ಡಾಗ್ ಮತ್ತು ಈರುಳ್ಳಿ ಹುರಿಯುತ್ತಿದ್ದ ಹೆಂಗಸೊಬ್ಬಳು ಟೋಪಿ ನೋಡಿ ಭಾವನಿಗೆ ಕೈ ಎತ್ತಿದಳು. ಪಕ್ಕದಲ್ಲೊಬ್ಬ ಬಟ್ಟೆಯ ಗಂಟು ಬಿಚ್ಚಿಕೊಂಡು ಕೂತಿದ್ದ. ಕ್ರಿಕೆಟ್ ಅಂಗಿಗಳ ಅಡಿಯಲ್ಲಿ ಮಡಿಸಿಟ್ಟ ಹಸಿರು ಟೀ ಶರ್ಟುಗಳು, ಎದೆಯ ಮೇಲೆ ಬಿಳಿಯ ನಾಲ್ಕೇ ಇಂಗ್ಲಿಷ್ ಅಕ್ಷರ: ಸೆಲ್. ಮಾರು.

ನನಗೆ ನಗು ಬಂತು. ಅಂಗಿ ಮಾರುವವನು 'ಮಾರು' ಎಂಬ ಅಂಗಿ ಮಾರುತ್ತಿದ್ದಾನೆ. ಭಾವ ನಗಲಿಲ್ಲ. "ಅದು ಅಂಗಡಿಯವನಿಗೆ ಹೇಳಿದ್ದಲ್ಲ," ಎಂದರು.

ಹೇಳಿದ್ದು ಜಾನ್ ಫಿಶರ್ ಅವರಿಗೆ. ಗ್ಯಾಪ್ ಬಟ್ಟೆ ಕಂಪನಿ ಕಟ್ಟಿದ ದಂಪತಿಯ ಮಗ. 2005ರಲ್ಲಿ ಲೂಯಿಸ್ ವುಲ್ಫ್ ಎಂಬವರ ಜೊತೆ ಸೇರಿ ಈ ತಂಡವನ್ನು 180 ಮಿಲಿಯನ್ ಡಾಲರಿಗೆ ಕೊಂಡರು. 2023ರ ಹೊತ್ತಿಗೆ ಫೋರ್ಬ್ಸ್ ಪತ್ರಿಕೆ ಅದೇ ತಂಡಕ್ಕೆ ಕಟ್ಟಿದ ಬೆಲೆ 1.18 ಬಿಲಿಯನ್. ಆ ವರ್ಷ ತಂಡ ಆಡಿದ 162 ಆಟಗಳಲ್ಲಿ ಸೋತದ್ದು 112. ಸೋತಷ್ಟೂ ಬೆಲೆ ಏರುವ ಇಂಥ ಅಂಗಡಿ ಇನ್ನೆಲ್ಲಿದೆಯೋ ನನಗೆ ಗೊತ್ತಿಲ್ಲ.

ಸೇತುವೆ ಇಳಿದರೆ ಸಿಮೆಂಟಿನ ಒಂದು ದೊಡ್ಡ ದುಂಡು ಗೋಡೆ. ಹೊರಗಿನಿಂದ ಕ್ರೀಡಾಂಗಣ ಕುಳ್ಳಗೆ ಕಾಣುತ್ತದೆ. ಒಳಗೆ ಕಾಲಿಟ್ಟಾಗ ತಿಳಿಯುವುದು ಅದು ಕುಳ್ಳಗಿಲ್ಲ, ತಗ್ಗಿನಲ್ಲಿದೆ ಎಂದು. ನೆಲವನ್ನು ತೋಡಿ ಬಾಣಲೆಯಂತೆ ಮಾಡಿದ್ದಾರೆ. ನಾವು ಬಾಗಿಲು ದಾಟುವುದೇ ಕೆಳಗಿನ ಅಂತಸ್ತಿನ ನೆತ್ತಿಗೆ, ಅಲ್ಲಿಂದ ಮೆಟ್ಟಿಲಿಳಿಯುತ್ತ ಹೋದರೆ ಪಾತಾಳದಲ್ಲಿ ಹಸಿರು. ನಮ್ಮ ಕಲ್ಯಾಣಿಗಳಿಗೆ ಇಳಿಯುವ ಹಾಗೆ. 1966ರಲ್ಲಿ ತೆರೆದಾಗ ಇದು ಸೊಗಸಾಗಿಯೇ ಇತ್ತಂತೆ. ಆಚೆ ತುದಿ ತೆರೆದಿದ್ದು, ಕೂತಲ್ಲಿಂದಲೇ ಓಕ್ಲೆಂಡಿನ ಗುಡ್ಡಸಾಲು ಕಾಣುತ್ತಿತ್ತು. ಸಂಜೆ ಬಿಸಿಲಿಗೆ ಆ ಗುಡ್ಡ ಹುರಿಗಡಲೆ ಬಣ್ಣಕ್ಕೆ ತಿರುಗುತ್ತಿತ್ತು ಎಂದರು ಭಾವ.

ಈಗ ಅಲ್ಲಿ ಗುಡ್ಡವಿಲ್ಲ. ಕುರ್ಚಿಗಳ ಇನ್ನೊಂದು ಗುಡ್ಡವಿದೆ. ಲಾಸ್ ಏಂಜಲಿಸ್‌ಗೆ ಹೊರಟುಹೋಗಿದ್ದ ರೇಡರ್ಸ್ ಫುಟ್‌ಬಾಲ್ ತಂಡವನ್ನು ವಾಪಸು ಕರೆತರಲು ಊರು ಮತ್ತು ಕೌಂಟಿ ಸೇರಿ ಸಾಲ ಮಾಡಿ 1995-96ರಲ್ಲಿ ಕಟ್ಟಿಸಿದ್ದು. ಆ ತಂಡದ ಮಾಲೀಕ ಅಲ್ ಡೇವಿಸ್ ಹೆಸರು ಹಿಡಿದು ಜನ ಅದಕ್ಕಿಟ್ಟ ಅಡ್ಡಹೆಸರು ಮೌಂಟ್ ಡೇವಿಸ್. ಬೇಸ್‌ಬಾಲಿಗೆ ಆ ಸೀಟುಗಳು ಬೇಕಾಗಿಯೇ ಇರಲಿಲ್ಲ, ಕೊನೆಕೊನೆಗೆ ಟಾರ್ಪಾಲು ಹೊದಿಸಿಟ್ಟಿದ್ದರು. ಒಬ್ಬ ಮಾಲೀಕನನ್ನು ಓಲೈಸಲು ಊರಿನವರು ತಮ್ಮ ಗುಡ್ಡವನ್ನೇ ಕಣ್ಣಿನಿಂದ ಮರೆ ಮಾಡಿಕೊಂಡರು. ಅಷ್ಟು ಮಾಡಿದ್ದಕ್ಕೂ ರೇಡರ್ಸ್ 2020ರಲ್ಲಿ ಲಾಸ್ ವೇಗಸ್‌ಗೆ ಹೋಯಿತು. ಪಕ್ಕದ ಒಳಾಂಗಣದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದ ವಾರಿಯರ್ಸ್ ಅದಕ್ಕೆ ಒಂದು ವರ್ಷ ಮುಂಚೆಯೇ ಕೊಲ್ಲಿ ದಾಟಿ ಸ್ಯಾನ್ ಫ್ರಾನ್ಸಿಸ್ಕೊ ಸೇರಿಕೊಂಡಿತ್ತು. ಮೂರು ಗಂಡುಮಕ್ಕಳಿದ್ದ ಮನೆಯಲ್ಲಿ ಉಳಿದದ್ದು ಒಬ್ಬ.

ಮಹಡಿಯ ಸುತ್ತುದಾರಿಯಲ್ಲಿ ನಡೆದೆವು. ತೇವದ ವಾಸನೆ, ಸುಣ್ಣ ಬಿಟ್ಟ ಗೋಡೆ, ಗಂಡಸರ ಶೌಚಾಲಯದಲ್ಲಿ ದನಗಳ ಬಾನಿಯಂಥ ಉದ್ದನೆಯ ಲೋಹದ ತೊಟ್ಟಿ. ಅಂಗಳ ತಗ್ಗಿನಲ್ಲಿರುವುದರಿಂದ ಕೊಳಚೆಗೂ ಇಲ್ಲಿಗೇ ದಾರಿ. 2013ರ ಜೂನ್‌ನಲ್ಲಿ ಚರಂಡಿ ಉಕ್ಕಿ ಆಟಗಾರರ ಕೋಣೆಗೇ ನುಗ್ಗಿ, ಎರಡೂ ತಂಡದವರು ಮೇಲಂತಸ್ತಿನ ಫುಟ್‌ಬಾಲ್ ತಂಡದ ಕೋಣೆಗೆ ಹೋಗಿ ಒಟ್ಟಿಗೆ ಸ್ನಾನ ಮಾಡಿದ್ದರು. 2023ರಲ್ಲಿ ಎದುರು ತಂಡದ ಟಿ.ವಿ. ವಿವರಣೆಕಾರರ ಕೋಣೆಯಲ್ಲಿ ಪೊಸಮ್ ಎಂಬ ಇಲಿಮೂತಿಯ ಪ್ರಾಣಿ ಸಂಸಾರ ಹೂಡಿದ ಸುದ್ದಿ ದೇಶವೆಲ್ಲ ನಕ್ಕ ಸುದ್ದಿ. "ನಮ್ಮನೆ ಸೋರುತ್ತೆ ಅಂತ ನಾವೂ ಬೈಕೊಳ್ತಿದ್ವಿ," ಎಂದರು ಭಾವ, "ಆದ್ರೆ ಸೋರೋದು ತೋರಿಸಿ ಮನೆ ಮಾರ್ತಾರೆ ಅಂತ ಯಾರಿಗೆ ಗೊತ್ತಿತ್ತು?"

ಅಂಗಳದ ನಡುವಿನ ಪಿಚ್ಚಿನ ಮೇಲೆ ಆಟ ಶುರುವಾಗಿತ್ತು. ನಾನು ಅರ್ಧ ಕಣ್ಣಿನಲ್ಲಿ ಕ್ರಿಕೆಟ್ ನೋಡಿದೆ, ಉಳಿದದ್ದು ಭಾವನ ಬೆರಳು ತೋರಿಸಿದ ಕಡೆ. ಆ ಬೆರಳು ಹೆಚ್ಚಾಗಿ ಹೋದದ್ದು ಬಲಗಡೆಯ ಬಯಲು ಬೆಂಚುಗಳಿಗೆ. ಅಗ್ಗದ ಟಿಕೆಟ್ಟಿನ ಜಾಗ, ಡೋಲು ಬಾರಿಸುವವರ, ಬಾವುಟ ಬೀಸುವವರ ಠಾಣೆ. ಬೇಸ್‌ಬಾಲ್ ತಂಡ ವರ್ಷಕ್ಕೆ 81 ಆಟ ತವರಿನಲ್ಲೇ ಆಡುತ್ತದೆ. ಅಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಸರಿಸುಮಾರು ದಿನ ಬಿಟ್ಟು ದಿನ. ಕ್ರಿಕೆಟ್ಟಿನ ಟೆಸ್ಟ್ ಆಟ ವರ್ಷಕ್ಕೊಮ್ಮೆ ಬರುವ ಜಾತ್ರೆಯಾದರೆ ಇದು ವಾರದ ಸಂತೆ. ಯಾರಾದರೂ ಎರಡು ವಾರ ಬಾರದಿದ್ದರೆ ಪಕ್ಕದ ಬೆಂಚಿನವರು ಫೋನ್ ಮಾಡುತ್ತಿದ್ದರಂತೆ. ಹೀಗೆ ಹತ್ತಿಪ್ಪತ್ತು ವರ್ಷ ಕೂತವರಿಗೆ ತಂಡ ತಮ್ಮದಲ್ಲ ಎಂದು ಹೇಳಿದರೆ ಅರ್ಥವಾಗುವುದಾದರೂ ಹೇಗೆ? ಕಾಗದದ ಪ್ರಕಾರ ಅದು ನಿಜ. ಅವರಿಗೆ ಸೇರಿದ್ದು ಒಂದು ಬೆಂಚು, ಮೂರು ಗಂಟೆ ಹೊತ್ತು.

ಭಾವ ತೀರ್ಥಹಳ್ಳಿ ಕಡೆಯವರು. 1987ರಲ್ಲಿ ಇಲ್ಲಿಗೆ ಬಂದಾಗ ಬೇಸ್‌ಬಾಲ್ ಎಂದರೆ ಲಗೋರಿಯ ಅಣ್ಣ ಎಂದುಕೊಂಡಿದ್ದರಂತೆ. ಆಫೀಸಿನವರು ಎಳೆದುಕೊಂಡು ಬಂದರು. ಕಾಲ ಚೆನ್ನಾಗಿತ್ತು. ಓಕ್ಲೆಂಡಿನಲ್ಲೇ ಬೆಳೆದ ರಿಕಿ ಹೆಂಡರ್ಸನ್ 1989ರಲ್ಲಿ ತಂಡಕ್ಕೆ ಮರಳಿ, ಎರಡು ವರ್ಷದ ನಂತರ ಇದೇ ಅಂಗಳದಲ್ಲಿ ಎಸೆತಗಾರನ ಕಣ್ಣು ತಪ್ಪಿಸಿ 939ನೆಯ ಸಲ ಮುಂದಿನ ಬೇಸಿಗೆ ಓಡಿ, ಅಂದರೆ ಬೇಸ್ ಕದ್ದು, ದಾಖಲೆ ಮುರಿದ. 1989ರ ವರ್ಲ್ಡ್ ಸೀರೀಸ್ ಕೊಲ್ಲಿಯ ಆಚೆಯ ಜೈಂಟ್ಸ್ ಮೇಲೆ. ಮೂರನೆಯ ಆಟ ಶುರುವಾಗುವ ಮುನ್ನ ಭೂಕಂಪ. ಹತ್ತು ದಿನ ನಿಲ್ಲಿಸಿ ಮತ್ತೆ ಆಡಿದರು, ಎ'ಸ್ ಗೆದ್ದರು. 1990ರಲ್ಲಿ ಈ ಬಾಣಲೆಯೊಳಗೆ ಬಂದುಹೋದವರು 29 ಲಕ್ಷ ಜನ.

ಈ 29 ಲಕ್ಷದ ಲೆಕ್ಕವನ್ನು ಭಾವ ಮೂರು ಸಲ ಹೇಳಿದರು, ನಾನೂ ಅದನ್ನು ಬಿಡುವುದಿಲ್ಲ. ಏಕೆಂದರೆ ಓಕ್ಲೆಂಡ್ ಬೇಸ್‌ಬಾಲ್ ಊರಲ್ಲ, ಜನ ಬರುವುದಿಲ್ಲ, ಹಾಗಾಗಿ ಹೋಗುತ್ತಿದ್ದೇವೆ ಎಂಬುದೇ ಮಾಲೀಕರ ವಾದವಾಗಿತ್ತು. ಇದೇ ಅಂಗಳದಲ್ಲಿ 1979ರ ಏಪ್ರಿಲ್‌ನ ಒಂದು ರಾತ್ರಿ ಕೂತಿದ್ದವರು 653 ಜನ. ಆಗಿನ ಮಾಲೀಕ ಚಾರ್ಲಿ ಫಿನ್ಲೆ ಸತತ ಮೂರು ಸಲ ವರ್ಲ್ಡ್ ಸೀರೀಸ್ ಗೆದ್ದ ತಂಡವನ್ನು ಕಳೆ ಕಿತ್ತ ಹಾಗೆ ಕಿತ್ತು ಹಾಕಿದ್ದ. 1980ರಲ್ಲಿ ಲೀವೈಸ್ ಜೀನ್ಸ್ ಕಂಪನಿಯ ವಾಲ್ಟರ್ ಹಾಸ್ ಕೊಂಡರು. ಕೊಟ್ಟದ್ದು 12.7 ಮಿಲಿಯನ್. ಆಟಗಾರರಿಗೆ ಕೈಬಿಚ್ಚಿ ಕೊಟ್ಟರು, ಊರಿನ ಶಾಲೆಗಳ ಜೊತೆ ಸಂಬಂಧ ಇಟ್ಟುಕೊಂಡರು. ಹತ್ತು ವರ್ಷದಲ್ಲಿ ಒಂದು ರಾತ್ರಿಯ 653 ಹೋಗಿ ವರ್ಷಕ್ಕೆ 29 ಲಕ್ಷ. ಊರು ಅದೇ, ಸೇತುವೆ ಅದೇ, ತೊಟ್ಟಿಯೂ ಅದೇ. ಬದಲಾದದ್ದು ಯಜಮಾನ.

ಹಾಗಾದರೆ ಹಾಸ್ ದೇವರೇ? ಅವರ ಒಳ್ಳೆಯತನವೇ ಮುಂದೆ ಕೊರಳಿಗೆ ಉರುಳಾಯಿತು ಎಂಬುದು ಈ ಕತೆಯ ವಿಚಿತ್ರ. ಅಮೆರಿಕದ ಬೇಸ್‌ಬಾಲ್ ಲೀಗಿನಲ್ಲಿ ಮೂವತ್ತು ಮಾಲೀಕರು ಪಾಳೇಗಾರರ ಹಾಗೆ ಸೀಮೆ ಹಂಚಿಕೊಂಡಿದ್ದಾರೆ. 1990ರ ಸುಮಾರಿಗೆ ಜೈಂಟ್ಸ್ ಮಾಲೀಕ ಸ್ಯಾನ್ ಹೋಸೆಗೆ ಹೋಗಬೇಕೆಂದಾಗ ಹಾಸ್ ಆ ಸೀಮೆಯನ್ನು ಒಂದು ಕಾಸೂ ಕೇಳದೆ ಬಿಟ್ಟುಕೊಟ್ಟರು. ಜೈಂಟ್ಸ್ ಹೋಗಲಿಲ್ಲ, ಆದರೆ ಸೀಮೆಯನ್ನು ವಾಪಸು ಕೊಡಲೂ ಇಲ್ಲ. ಮುಂದೆ ಎ'ಸ್ ತಂಡವೇ ಸ್ಯಾನ್ ಹೋಸೆಗೆ ಹೊರಟಾಗ ಜೈಂಟ್ಸ್ ಅಡ್ಡ ನಿಂತರು. 2013ರಲ್ಲಿ ಸ್ಯಾನ್ ಹೋಸೆ ನಗರವೇ ಲೀಗಿನ ಮೇಲೆ ಮೊಕದ್ದಮೆ ಹೂಡಿ ಸೋತಿತು. ಸೋತದ್ದು 1922ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಿಂದ: ಬೇಸ್‌ಬಾಲ್ ಅಂತರರಾಜ್ಯ ವ್ಯಾಪಾರವಲ್ಲ, ಆದ್ದರಿಂದ ಏಕಸ್ವಾಮ್ಯ ತಡೆ ಕಾಯ್ದೆ ಅದಕ್ಕೆ ಅನ್ವಯಿಸುವುದಿಲ್ಲ ಎಂದಿತ್ತು ಆ ತೀರ್ಪು. 1972ರಲ್ಲಿ ಕರ್ಟ್ ಫ್ಲಡ್ ಎಂಬ ಆಟಗಾರ ಪ್ರಶ್ನಿಸಿದಾಗ ಅದೇ ಕೋರ್ಟು ಇದು ಅಸಂಗತವೇ ಎಂದು ಒಪ್ಪಿಕೊಂಡು, ಸರಿಪಡಿಸುವುದಿದ್ದರೆ ಸಂಸತ್ತು ಸರಿಪಡಿಸಲಿ ಎಂದು ಕೈತೊಳೆದುಕೊಂಡಿತು. 1998ರಲ್ಲಿ ಸಂಸತ್ತು ಆಟಗಾರರ ಮಟ್ಟಿಗೆ ಸರಿಪಡಿಸಿತು. ಊರುಗಳ ಮಟ್ಟಿಗೆ ಇಲ್ಲ. ಟಿಕೆಟ್ಟಿಗೆ, ಪಾರ್ಕಿಂಗಿಗೆ, ಬಿಯರಿಗೆ ದುಡ್ಡು ಎಣಿಸಿಕೊಳ್ಳುವಾಗ ವ್ಯಾಪಾರ, ಕೋರ್ಟಿಗೆ ಹೋದಾಗ ಆಟ.

ಈ ನಡುವೆ ನಮ್ಮವರ ಊರಿಗೂ ತಂಡ ಬಂದೇಬಿಡುವ ಒಂದು ಗಳಿಗೆ ಇತ್ತು. 2006ರಲ್ಲಿ ಫ್ರೀಮಾಂಟ್‌ನಲ್ಲಿ ಹೊಸ ಕ್ರೀಡಾಂಗಣ ಎಂದು ಘೋಷಿಸಿದ್ದರು. "ನಾನು ಮನೆಯಿಂದ ಸೈಕಲ್ಲಲ್ಲಿ ಹೋಗಬಹುದು ಅಂತ ಲೆಕ್ಕ ಹಾಕಿದ್ದೆ," ಎಂದರು ಭಾವ. ಟ್ರಾಫಿಕ್ ಆಗುತ್ತದೆ, ಗಲಾಟೆ ಆಗುತ್ತದೆ ಎಂದು ಊರಿನವರು ವಿರೋಧಿಸಿದರು. ವಿರೋಧಿಸಿದವರ ಸಾಲಿನಲ್ಲಿ ಅಕ್ಕನೂ ಇದ್ದಳು. 2009ರಲ್ಲಿ ಆ ಯೋಜನೆ ಬಿದ್ದುಹೋಯಿತು. ಆ ವಿಷಯ ಅವರ ಮನೆಯಲ್ಲಿ ಈಗಲೂ ಎತ್ತುವಂತಿಲ್ಲ.

ಬಾಣಲೆಯೊಳಗೆ ಯಾರೋ ಸಿಕ್ಸರ್ ಎತ್ತಿದರು, ಚೆಂಡು ಆ ಬಲಗಡೆಯ ಬೆಂಚುಗಳ ಕಡೆಗೇ ಹೋಯಿತು. ಭಾವ ಎದ್ದು ನಿಂತರು. ಚೆಂಡಿಗಾಗಿ ಅಲ್ಲ. "ಅಲ್ಲೇ ಇದ್ವಿ ನಾವು, 2023ರ ಜೂನ್ 13."

ಅದರ ಹಿಂದಿನ ಏಪ್ರಿಲ್‌ನಲ್ಲಿ ತಂಡ ಲಾಸ್ ವೇಗಸ್‌ನಲ್ಲಿ ಜಾಗ ನೋಡಿರುವುದಾಗಿ ಪ್ರಕಟಿಸಿತ್ತು. ಓಕ್ಲೆಂಡಿನ ಬಂದರಿನ ದಂಡೆಯಲ್ಲಿ, ಹೋವರ್ಡ್ ಟರ್ಮಿನಲ್ ಎಂಬಲ್ಲಿ, ಕ್ರೀಡಾಂಗಣ ಕಟ್ಟುವ ಮಾತುಕತೆ ನಡೆದಿದ್ದಾಗಲೇ, 'ರೂಟೆಡ್ ಇನ್ ಓಕ್ಲೆಂಡ್' ಎಂದು ವರ್ಷಗಟ್ಟಲೆ ಜಾಹೀರಾತು ಹಾಕಿ, ಬೇರು ಇಲ್ಲೇ ಇದೆ ಎಂದವರು ಆಮೇಲೆ ಬೇರನ್ನು ಕೈಯಲ್ಲಿ ಹಿಡಿದುಕೊಂಡು ಹೊರಟಿದ್ದರು. ಅದಕ್ಕೆ ಮೊದಲೇ ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್ಮನ್, ಶಾನ್ ಮರ್ಫಿ ಎಲ್ಲರನ್ನೂ ಬೇರೆ ತಂಡಗಳಿಗೆ ಕಳಿಸಿಯಾಗಿತ್ತು. ಟಿಕೆಟ್ ದರ ಏರಿಸಿಯಾಗಿತ್ತು. ಜನ ಬರುವುದನ್ನು ಬಿಟ್ಟಿದ್ದರು. ಕೆಲವು ರಾತ್ರಿ ಮೂರು ಸಾವಿರವೂ ಇಲ್ಲ.

ಅಭಿಮಾನಿ ಸಿಕ್ಕಿಬಿದ್ದದ್ದು ಇಲ್ಲಿ. ಕೋಪ ಬಂದವನು ಮಾಡಬಹುದಾದದ್ದು ಒಂದೇ: ಟಿಕೆಟ್ ಕೊಳ್ಳದಿರುವುದು. ಆದರೆ ಕೊಳ್ಳದಿದ್ದರೆ ಆ ಖಾಲಿ ಕುರ್ಚಿಯ ಫೋಟೋ ಹಿಡಿದು, ನೋಡಿ, ಈ ಊರಿಗೆ ತಂಡ ಬೇಡವಂತೆ ಎನ್ನುತ್ತಾರೆ. ಕೊಂಡರೆ ದುಡ್ಡು ಅದೇ ಜೇಬಿಗೆ. ಬಹಿಷ್ಕಾರವೇ ಮಾಲೀಕನ ಸಾಕ್ಷಿಯಾಗುವ ವ್ಯಾಪಾರ ಇದು.

ಅದಕ್ಕೆ ಅವರು ತಿರುಗುಮುರುಗಾಗಿ ಯೋಚಿಸಿದರು. ಮಂಗಳವಾರ ರಾತ್ರಿ, ಲೀಗಿನ ಕೊನೆಯ ಸ್ಥಾನದ ತಂಡ, ಎದುರಿಗೆ ಮೊದಲ ಸ್ಥಾನದ ಟಾಂಪಾ ಬೇ. ಎಲ್ಲರೂ ಬನ್ನಿ, ತುಂಬಿಸಿ, ತುಂಬಿಸಿ ಬೈಯೋಣ. ಇದಕ್ಕೆ ರಿವರ್ಸ್ ಬಾಯ್ಕಾಟ್ ಎಂದು ಹೆಸರಿಟ್ಟರು. 'ಸೆಲ್' ಅಂಗಿಗಳನ್ನು ಪಾರ್ಕಿಂಗ್ ಜಾಗದಲ್ಲಿ ಸಾವಿರಗಟ್ಟಲೆ ಪುಕ್ಕಟೆ ಹಂಚಿದರು. ಬಂದವರು 27,759.

ಭಾವ ಹೇಳಿದ್ದನ್ನು ಅವರು ಹೇಳಿದ ಹಾಗೇ ಬರೆಯಲು ನೋಡುತ್ತೇನೆ. ಐದನೆಯ ಇನಿಂಗ್ಸ್ ಶುರುವಾದಾಗ ಡೋಲು ನಿಂತಿತು. ಮೊದಲೇ ಮಾತಾಡಿಕೊಂಡಿದ್ದರು: ಮೊದಲ ಬ್ಯಾಟರ್ ಆಡಿ ಮುಗಿಸುವವರೆಗೆ ಯಾರೂ ಉಸಿರೆತ್ತಬಾರದು. ಅಷ್ಟು ಸಾವಿರ ಜನ ಎದ್ದು ಸುಮ್ಮನೆ ನಿಂತರು. ಚೆಂಡು ಕ್ಯಾಚರನ ಗವಸಿಗೆ ಬೀಳುವ ಟಪ್ ಎಂಬ ಸದ್ದು ಮೇಲಂತಸ್ತಿನವರೆಗೆ ಕೇಳಿತಂತೆ. ಹಿಂದಿನ ಹೆದ್ದಾರಿಯ ಲಾರಿ ಸದ್ದೂ ಕೇಳಿತು. "ಸಾವಿನ ಮನೇಲಿ ಹೆಣ ಎತ್ತೋಕೆ ಮುಂಚೆ ಒಂದು ನಿಮಿಷ ಇರುತ್ತಲ್ಲ, ಹಾಗೆ." ಬ್ಯಾಟರ್ ಆಡಿ ಮುಗಿಸಿದ್ದೇ ಇಡೀ ಬಾಣಲೆ ಕುದಿಯಿತು: ಸೆಲ್ ದ ಟೀಮ್, ಸೆಲ್ ದ ಟೀಮ್. ಮೈದಾನದಲ್ಲಿದ್ದ ಹುಡುಗರು, ಪಾಪ, ಯಾರಿಗೆ ಬೈಯುತ್ತಿದ್ದಾರೆಂದು ಗೊತ್ತಿದ್ದೂ ತಲೆ ತಗ್ಗಿಸಿ ಆಡಿದರು. ಆಡಿ ಗೆದ್ದೂ ಬಿಟ್ಟರು, 2-1.

ಅದೇ ದಿನ ನೆವಾಡ ರಾಜ್ಯದ ಸೆನೆಟ್ ವೇಗಸ್ ಕ್ರೀಡಾಂಗಣಕ್ಕೆ 380 ಮಿಲಿಯನ್ ಡಾಲರ್‌ವರೆಗಿನ ಸಾರ್ವಜನಿಕ ಹಣದ ಮಸೂದೆಯನ್ನು ಅಂಗೀಕರಿಸಿತು. ಎರಡು ದಿನಕ್ಕೆ ಗವರ್ನರ್ ಸಹಿ. ಲೀಗಿನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಅವರನ್ನು ಆ ರಾತ್ರಿಯ ಬಗ್ಗೆ ಕೇಳಿದಾಗ, ಲೀಗಿನ ಸರಾಸರಿಗೆ ಹತ್ತಿರ ಹತ್ತಿರದಷ್ಟು ಜನ ಒಂದು ರಾತ್ರಿಯಾದರೂ ಬಂದರಲ್ಲ, ಸಂತೋಷ ಎಂಬ ಅರ್ಥದ ಮಾತಾಡಿದರು. ಭಾವ ಅದನ್ನು ಇಂದಿಗೂ ಕ್ಷಮಿಸಿಲ್ಲ. ನವೆಂಬರ್ 16ರಂದು ಮಾಲೀಕರೆಲ್ಲ ಸೇರಿ ಮತ ಹಾಕಿದರು. 30ಕ್ಕೆ 30. 1976ರಲ್ಲಿ ಫಿನ್ಲೆ ತನ್ನ ಮೂವರು ತಾರೆಗಳನ್ನು ಮಾರಹೊರಟಾಗ ಆಗಿನ ಕಮಿಷನರ್ ಬೋವಿ ಕೂನ್ ಆಟದ ಹಿತಕ್ಕೆ ಇದು ಸಲ್ಲದು ಎಂದು ತಡೆದಿದ್ದರು. ಆಟಗಾರರನ್ನು ಮಾರುವುದಕ್ಕೆ ತಡೆ ಇತ್ತು, ಊರನ್ನೇ ಬಿಡುವುದಕ್ಕೆ ಇರಲಿಲ್ಲ.

2024ರ ಸೆಪ್ಟೆಂಬರ್ 26, ಕೊನೆಯ ಆಟ. 46,889 ಜನ. ಟೆಕ್ಸಸ್ ಮೇಲೆ 3-2ರ ಗೆಲುವು. ಅಂಗಳದ ಕೆಲಸಗಾರರು ಬೇಸ್ ಸುತ್ತಲಿನ ಕೆಮ್ಮಣ್ಣನ್ನು ಬೊಗಸೆಯಲ್ಲಿ ತೆಗೆದು ಬೇಲಿಯಾಚೆಯವರಿಗೆ ಕೊಟ್ಟರು. ಆ ಮಣ್ಣು ಈಗ ಅಕ್ಕನ ಮನೆಯಲ್ಲಿದೆ, ಮಾವಿನಮಿಡಿ ಉಪ್ಪಿನಕಾಯಿಯ ಗಾಜಿನ ಬಾಟಲಿಯಲ್ಲಿ. ಮುಚ್ಚಳ ತೆಗೆದರೆ ಈಗಲೂ ಇಂಗಿನ ವಾಸನೆ. ಭಾವ ಅದನ್ನು ದೇವರ ಮನೆಯಲ್ಲಿಡಲು ಹೋದರಂತೆ. ಅಕ್ಕ ಟಿ.ವಿ.ಯ ಪಕ್ಕಕ್ಕೆ ಸಾಗಹಾಕಿದಳು.

ತಂಡ ಈಗ ಸ್ಯಾಕ್ರಮೆಂಟೊ ಪಕ್ಕದಲ್ಲಿ, ಹದಿನಾಲ್ಕು ಸಾವಿರ ಜನ ಹಿಡಿಸುವ ಒಂದು ಕಿರಿಯರ ಲೀಗಿನ ಅಂಗಳದಲ್ಲಿ ಬಾಡಿಗೆಗಿದೆ. ಆ ಅಂಗಳದ ಒಡೆಯರು ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ. ವೇಗಸ್‌ನಲ್ಲಿ ಒಂಬತ್ತು ಎಕರೆಯಲ್ಲಿ ಕಟ್ಟಡ ಏಳುವವರೆಗೆ, 2028ರವರೆಗೆ, ಹೀಗೆ. ನಾನು ಕೊಲಿಸಿಯಂಗೆ ಹೋಗಿಬಂದ ಒಂಬತ್ತೇ ದಿನಕ್ಕೆ ಅಲ್ಲಿ ಗುದ್ದಲಿಪೂಜೆಯೂ ಆಯಿತು. ಆ ಕಟ್ಟಡ ಮುಗಿಯುವತನಕ ತಂಡದ ಹೆಸರು ಬರೀ ಅಥ್ಲೆಟಿಕ್ಸ್. ಮುಂದೆ ಯಾವ ಊರೂ ಇಲ್ಲ. ನಮ್ಮಲ್ಲಿ ಊರು ಬಿಟ್ಟು ಮೂರು ತಲೆಮಾರಾದರೂ ಹೆಸರಿನ ಮುಂದೆ ಅದರ ಮೊದಲಕ್ಷರ ಹೊತ್ತು ತಿರುಗುತ್ತೇವೆ. 1901ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿ, 1955ರಲ್ಲಿ ಕನ್ಸಾಸ್ ಸಿಟಿಗೆ ಹೋಗಿ, ಓಕ್ಲೆಂಡಿಗೆ ಬಂದ ಈ ತಂಡ ಇನಿಷಿಯಲ್ಲನ್ನೇ ಕಿತ್ತು ಹಾಕಿಕೊಂಡಿದೆ. ಆನೆಯ ಗುರುತು ಮಾತ್ರ ಉಳಿದಿದೆ. 1902ರಲ್ಲಿ ಎದುರಾಳಿ ಮ್ಯಾನೇಜರೊಬ್ಬ ಈ ತಂಡ ಕೊಂಡವರಿಗೆ ಇದು ಬಿಳಿಯಾನೆಯಾಗುತ್ತದೆ ಎಂದು ಹಂಗಿಸಿದ್ದಕ್ಕೆ, ಹಾಗಾದರೆ ಅದೇ ನಮ್ಮ ಲಾಂಛನ ಎಂದು ಎತ್ತಿಕೊಂಡದ್ದು. ಯಾರಿಗೆ ಬಿಳಿಯಾನೆಯಾಯಿತು ಎಂದು ಮೌಂಟ್ ಡೇವಿಸ್ ನೋಡಿದರೆ ಗೊತ್ತಾಗುತ್ತದೆ.

ಕ್ರಿಕೆಟ್ ಮುಗಿಯುವ ಹೊತ್ತಿಗೆ ಕೊಲ್ಲಿಯ ಗಾಳಿ ಬೀಸಿ ಜೂನ್ ತಿಂಗಳಲ್ಲೂ ಹಲ್ಲು ಕಟಕಟ. ಹಿಂದಿನ ಸಾಲಿನ ಹುಡುಗನೊಬ್ಬ, ಹಾಸನದ ಕಡೆಯ ಮಾತು, ಭಾವನ ಟೋಪಿ ನೋಡಿ ಕೇಳಿದ: "ಅಂಕಲ್, ನಿಮ್ ಟೀಮಿನ ಓನರ್ ಸರಿಯಿಲ್ಲ ಅಂತೀರಲ್ಲ, ಈ ಕ್ರಿಕೆಟ್ ಟೀಮುಗಳ ಓನರ್ ಯಾರ್ಯಾರು ಗೊತ್ತಾ?" ಭಾವನಿಗೆ ಗೊತ್ತಿರಲಿಲ್ಲ. ಹುಡುಗನೇ ಪಟ್ಟಿ ಒಪ್ಪಿಸಿದ. ನ್ಯೂಯಾರ್ಕ್ ತಂಡ ಅಂಬಾನಿಯವರದು, ಲಾಸ್ ಏಂಜಲಿಸ್ ಶಾರುಖ್ ಖಾನ್ ಅವರ ಬಳಗದ್ದು, ಟೆಕ್ಸಸ್‌ನಲ್ಲಿ ಚೆನ್ನೈನವರು. ಹೆಮ್ಮೆಯಿಂದಲೇ ಹೇಳಿದ. ಭಾವ ಅವನ ಭುಜ ತಟ್ಟಿ, "ಊರು ಯಾವುದಯ್ಯಾ ನಿಂದು?" ಎಂದು ಕೇಳಿ ಮಾತು ಬದಲಿಸಿದರು.

ಅಂದು ಬೆಳಿಗ್ಗೆಯೇ ಅವರು ನನ್ನನ್ನು ಕಾರಿನಲ್ಲಿ ವೆಸ್ಟ್ ಓಕ್ಲೆಂಡಿನ ರೈಮಂಡಿ ಪಾರ್ಕಿಗೆ ಕರೆದೊಯ್ದಿದ್ದರು. ಎ'ಸ್ ಹೊರಡುವುದೆಂದು ತೀರ್ಮಾನವಾದ ಮೇಲೆ ಊರಿನವರು ಕಟ್ಟಿದ ಓಕ್ಲೆಂಡ್ ಬ್ಯಾಲರ್ಸ್ ಎಂಬ ಪುಟ್ಟ ತಂಡ 2024ರಿಂದ ಅಲ್ಲಿ ಆಡುತ್ತಿದೆ. ಪಯೊನಿಯರ್ ಲೀಗ್ ಎಂಬ ಸಣ್ಣ ಲೀಗು, ಗೇಟಿಗೆ ಬೀಗ, ಒಳಗೆ ತಾತ್ಕಾಲಿಕ ಮೆಟ್ಟಿಲುಗಳು, ಒಬ್ಬ ನೀರು ಹಾಯಿಸುತ್ತಿದ್ದ. ತಂಡದ ಷೇರುಗಳನ್ನು ಅಭಿಮಾನಿಗಳಿಗೇ ಮಾರಿದ್ದಾರೆ, ಎರಡು ಸಾವಿರಕ್ಕೂ ಹೆಚ್ಚು ಜನ ಕೊಂಡಿದ್ದಾರೆ. ಭಾವನೂ ಒಂದಿಷ್ಟು ಡಾಲರ್ ಹಾಕಿದ್ದಾರೆ. "ಈಗ ನಾನೂ ಓನರು ಮಾರಾಯ," ಎಂದು ಬೇಲಿಗೆ ಮೂಗು ಒತ್ತಿ ನಿಂತಿದ್ದರು, "ಸೋತರೆ ಬೈಯೋಕೇ ಯಾರೂ ಇಲ್ಲ." ಸೆಪ್ಟೆಂಬರ್‌ನಲ್ಲಿ ಆ ತಂಡ ಲೀಗ್ ಗೆದ್ದಾಗ ಶಿವಮೊಗ್ಗದಲ್ಲಿದ್ದ ನನಗೆ ಬೆಳಗಿನ ಜಾವ ಎಬ್ಬಿಸಿ ಫೋನ್ ಮಾಡಿದರು.

ವಾಪಸು ಸೇತುವೆ. ಕಾವಲಿ ತಣ್ಣಗಾಗಿತ್ತು, ಅಂಗಿ ಗಂಟು ಕಟ್ಟುತ್ತಿದ್ದರು. ರೈಲಿನಲ್ಲಿ ಕೂತ ಮೇಲೆ ಕೇಳಿದೆ, ಸ್ಯಾಕ್ರಮೆಂಟೊ ಎರಡು ಗಂಟೆ ದಾರಿ, ಒಂದು ಸಲವಾದರೂ ಹೋಗಿದ್ದಿರಾ ಎಂದು. "ಆ ಮನುಷ್ಯನಿಗೆ ಇನ್ನೊಂದು ಡಾಲರ್ ಕೊಡಲ್ಲ. ಅವರ ಸುದ್ದಿಯೇ ನನಗೆ ಬೇಡ," ಎಂದರು.

ಬೇ ಫೇರ್ ನಿಲ್ದಾಣ ದಾಟಿದ ಮೇಲೆ ನಾನು ಕಣ್ಣು ಮುಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ಭಾವ ಫೋನು ತೆಗೆದರು. ಕಿಟಕಿಯ ಗಾಜಿನಲ್ಲಿ ಸ್ಕೋರಿನ ಹಸಿರು ಚೌಕಟ್ಟು ತಿರುಗುಮುರುಗಾಗಿ ಕಂಡಿತು. ನಾನು ಕಣ್ಣು ತೆರೆದದ್ದು ತಿಳಿದು ಫೋನನ್ನು ತೊಡೆಯ ಮೇಲೆ ಬೋರಲು ಹಾಕಿ, "ನಿಮ್ಮಕ್ಕ ಮೆಸೇಜ್ ಮಾಡಿದ್ಲು," ಎಂದರು.